ಸಮೀಕ್ಷೆಯ ಅಂಕಿಅಂಶಗಳಿಗೆ ಸಂಭವನೀಯತೆಯ ಸಂಕಲನ ನಿಯಮ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮೀಕ್ಷೆಯ ವರದಿಯನ್ನು ಓದುವವರಿಗೂ, ತಾವೇ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿ ಕೋಷ್ಟಕ ಮುಂದಿಟ್ಟುಕೊಂಡ ವಿದ್ಯಾರ್ಥಿಗಳಿಗೂ, "ಇದು ಅಥವಾ ಅದು" ಎಂಬ ಪ್ರಶ್ನೆ ಎದುರಾದ ಕೂಡಲೇ ಎರಡು ಶೇಕಡಾವಾರುಗಳನ್ನು ಕೂಡಿಬಿಡೋಣ ಎನ್ನಿಸುವುದು ಸಹಜ. ಕೂಡಬಹುದೇ, ಕೂಡಿದ ಮೇಲೆ ಏನನ್ನಾದರೂ ಕಳೆಯಬೇಕೇ ಎಂಬುದನ್ನು ಬಹುಮಟ್ಟಿಗೆ ಪ್ರಶ್ನಾವಳಿಯೇ ಮೊದಲು ನಿರ್ಧರಿಸಿಬಿಟ್ಟಿರುತ್ತದೆ. ಸೂತ್ರ ಬರುವುದು ಆಮೇಲೆ. ಈ ಪುಟದ ಉತ್ತರಗಳೆಲ್ಲ ಆ ದೃಷ್ಟಿಯಿಂದ ಬರೆದವು.

ಸಂಕಲನ ನಿಯಮ ಏನು ಹೇಳುತ್ತದೆ?

ಎ ಮತ್ತು ಬಿ ಎಂಬ ಎರಡು ಘಟನೆಗಳಲ್ಲಿ ಕನಿಷ್ಠ ಒಂದಾದರೂ ನಡೆಯುವ ಸಂಭವನೀಯತೆ ಬೇಕಾದರೆ, ಅವೆರಡರ ಸಂಭವನೀಯತೆಗಳನ್ನು ಕೂಡಿ, ಎರಡೂ ಒಟ್ಟಿಗೆ ನಡೆಯುವ ಸಂಭವನೀಯತೆಯನ್ನು ಒಮ್ಮೆ ಕಳೆಯಬೇಕು:

ಪಿ(ಎ ಅಥವಾ ಬಿ) = ಪಿ(ಎ) + ಪಿ(ಬಿ) − ಪಿ(ಎ ಮತ್ತು ಬಿ)

ಪ್ರೌಢಶಾಲೆಯ ಗಣಗಳ ಪಾಠದಲ್ಲಿ ವೆನ್ ನಕ್ಷೆ ಬರೆದು ಕಲಿತದ್ದೇ ಇದು. ಅಲ್ಲಿ ಗಣಾಂಶಗಳನ್ನು ಎಣಿಸಿ ಬಿಡುತ್ತಿದ್ದೆವು, ಇಲ್ಲಿ ಎಣಿಸಿದ್ದನ್ನು ಒಟ್ಟು ಸಂಖ್ಯೆಯಿಂದ ಭಾಗಿಸುತ್ತೇವೆ. ಇಲ್ಲಿನ "ಅಥವಾ" ಎರಡೂ ಇರುವ ಸಂದರ್ಭವನ್ನು ಒಳಗೊಂಡಿರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನಿಜವಾದ ಅಂಕಿಗಳಲ್ಲೇ ಇದನ್ನು ನೋಡಬಹುದು. 2011ರ ಜನಗಣತಿಯ ಭಾಗವಾಗಿ ನಡೆದ ಮನೆಪಟ್ಟಿ ಕಾರ್ಯದಲ್ಲಿ ಪ್ರತಿ ಕುಟುಂಬದಲ್ಲಿ ದೂರವಾಣಿ ಇದೆಯೇ ಎಂದು ಕೇಳಿದಾಗ, ದೇಶದ ಸುಮಾರು 24.67 ಕೋಟಿ ಕುಟುಂಬಗಳಲ್ಲಿ ಶೇ 4.0ರಷ್ಟು ಕುಟುಂಬಗಳು ಸ್ಥಿರ ದೂರವಾಣಿಯನ್ನು ಮಾತ್ರ, ಶೇ 53.2ರಷ್ಟು ಮೊಬೈಲನ್ನು ಮಾತ್ರ, ಶೇ 6.0ರಷ್ಟು ಎರಡನ್ನೂ ಹೊಂದಿದ್ದವು. ಹಾಗಾದರೆ ಸ್ಥಿರ ದೂರವಾಣಿ ಇದ್ದ ಕುಟುಂಬಗಳು ಒಟ್ಟು ಶೇ 10.0, ಮೊಬೈಲ್ ಇದ್ದ ಕುಟುಂಬಗಳು ಒಟ್ಟು ಶೇ 59.2. ಇವೆರಡನ್ನು ಸುಮ್ಮನೆ ಕೂಡಿದರೆ ಶೇ 69.2 ಆಗುತ್ತದೆ, ಆದರೆ ಯಾವುದಾದರೊಂದು ದೂರವಾಣಿ ಇದ್ದ ಕುಟುಂಬಗಳು ಶೇ 63.2 ಮಾತ್ರ. ಹೆಚ್ಚಾಗಿ ಬಂದ 6.0 ಎಂದರೆ ಎರಡನ್ನೂ ಇಟ್ಟುಕೊಂಡಿದ್ದ ಕುಟುಂಬಗಳೇ. ಸ್ಥಿರ ದೂರವಾಣಿಯ ಲೆಕ್ಕದಲ್ಲಿ ಒಮ್ಮೆ, ಮೊಬೈಲಿನ ಲೆಕ್ಕದಲ್ಲಿ ಇನ್ನೊಮ್ಮೆ ಅವು ಎಣಿಕೆಗೆ ಬಂದಿದ್ದವು.

ನಾವೇ ನಡೆಸಿದ ಸಣ್ಣ ಸಮೀಕ್ಷೆಗೆ ಇದನ್ನು ಹೇಗೆ ಅನ್ವಯಿಸುವುದು?

ಲೆಕ್ಕ ಸ್ಪಷ್ಟವಾಗಲೆಂದು ಒಂದು ಸಮೀಕ್ಷೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹೋಬಳಿಯ 300 ಮನೆಗಳಲ್ಲಿ "ನಿಮ್ಮ ಮನೆಯಲ್ಲಿ ಅಡುಗೆಗೋ ನೀರು ಕಾಯಿಸುವುದಕ್ಕೋ ಯಾವ ಯಾವ ಇಂಧನ ಬಳಸುತ್ತೀರಿ? ಅನ್ವಯಿಸುವ ಎಲ್ಲವನ್ನೂ ಹೇಳಿ" ಎಂದು ಕೇಳಲಾಗಿದೆ. 246 ಮನೆಯವರು ಗ್ಯಾಸ್ ಎಂದರು, 183 ಮನೆಯವರು ಸೌದೆ ಎಂದರು, 141 ಮನೆಗಳಲ್ಲಿ ಎರಡೂ ಇವೆ. ಈ ಕೊನೆಯ ಸಂಖ್ಯೆ ಯಾರಿಗೂ ಆಶ್ಚರ್ಯ ತರಬೇಕಾಗಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಗ್ಯಾಸ್ ಸ್ಟವ್ ಇದ್ದು, ಬಚ್ಚಲುಮನೆಯ ಹಂಡೆಯ ಕೆಳಗೆ ಸೌದೆಯೋ ತೆಂಗಿನ ಮಟ್ಟೆಯೋ ಉರಿಯುತ್ತಿರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಈಗ ಪಟ್ಟಿಯಿಂದ ಒಂದು ಮನೆಯನ್ನು ಚೀಟಿ ಎತ್ತಿ ಆರಿಸಿದರೆ, ಅಲ್ಲಿ ಗ್ಯಾಸ್ ಇರುವ ಸಂಭವನೀಯತೆ 246/300, ಅಂದರೆ 0.82. ಸೌದೆಯದು 183/300, ಅಂದರೆ 0.61. ಎರಡೂ ಇರುವುದು 141/300, ಅಂದರೆ 0.47. ಎರಡರಲ್ಲಿ ಒಂದಾದರೂ ಇರುವ ಸಂಭವನೀಯತೆ 0.82 + 0.61 − 0.47 = 0.96. ಮನೆಗಳ ಲೆಕ್ಕದಲ್ಲಿ ಇದು 288. ಉಳಿದ 12 ಮನೆಗಳಲ್ಲಿ ಎರಡೂ ಇಲ್ಲ, ಬಹುಶಃ ವಿದ್ಯುತ್ ಒಲೆಯೋ ಗೋಬರ್ ಗ್ಯಾಸೋ ಇದ್ದೀತು.

ಸೂತ್ರಕ್ಕೆ ಕೈಹಾಕುವ ಮೊದಲು ನಾಲ್ಕು ಚೌಕಗಳ ಒಂದು ದ್ವಿಮುಖ ಕೋಷ್ಟಕ ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು: ಗ್ಯಾಸ್ ಮಾತ್ರ 105, ಸೌದೆ ಮಾತ್ರ 42, ಎರಡೂ 141, ಎರಡೂ ಇಲ್ಲ 12. ನಾಲ್ಕೂ ಸೇರಿ 300 ಆಗಲೇಬೇಕು. ಆಗದಿದ್ದರೆ ಎಲ್ಲೋ ನಮೂದಿಸುವಾಗ ಎಡವಟ್ಟಾಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಸೂತ್ರ ನೇರವಾಗಿ ಬಳಸಿದರೆ ಇಂಥ ತಪ್ಪು ಗಮನಕ್ಕೇ ಬರುವುದಿಲ್ಲ.

ಏನನ್ನೂ ಕಳೆಯದೆ ನೇರವಾಗಿ ಕೂಡುವುದು ಯಾವಾಗ ಸರಿ?

ಎರಡು ಘಟನೆಗಳು ಪರಸ್ಪರ ವರ್ಜಿತವಾಗಿದ್ದಾಗ, ಅಂದರೆ ಒಂದೇ ವ್ಯಕ್ತಿಯೋ ಕುಟುಂಬವೋ ಎರಡರಲ್ಲೂ ಸೇರುವುದು ಸಾಧ್ಯವೇ ಇಲ್ಲದಿದ್ದಾಗ. ಪಠ್ಯಪುಸ್ತಕದ ದಾಳದ ಲೆಕ್ಕದಲ್ಲಿ ಇದು ಪ್ರಕೃತಿಯ ನಿಯಮದಂತೆ ಕಾಣುತ್ತದೆ. ಒಂದು ದಾಳ ಒಮ್ಮೆಗೆ ಮೂರನ್ನೂ ಐದನ್ನೂ ತೋರಿಸಲಾರದು. ಸಮೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಅನೇಕ ವರ್ಗಗಳು ಪರಸ್ಪರ ವರ್ಜಿತವಾಗುವುದಕ್ಕೆ ಪ್ರಶ್ನೆಯನ್ನು ಹಾಗೆ ಕೇಳಿರುವುದೇ ಕಾರಣ, ಜನರ ಬದುಕು ಹಾಗಿದೆ ಎಂದಲ್ಲ.

ಇಂಧನದ ವಿಷಯವನ್ನೇ ನೋಡಿ. 2011ರ ಗಣತಿಯ ಪ್ರಕಾರ ದೇಶದ ಶೇ 49.0ರಷ್ಟು ಕುಟುಂಬಗಳು ಅಡುಗೆಗೆ ಸೌದೆಯನ್ನೂ ಸುಮಾರು ಶೇ 28.5ರಷ್ಟು ಕುಟುಂಬಗಳು ಅನಿಲವನ್ನೂ ಬಳಸುತ್ತಿದ್ದವು. ಇವೆರಡನ್ನು ಕೂಡಿ "ಸೌದೆ ಅಥವಾ ಅನಿಲ ಶೇ 77.5" ಎಂದರೆ ಲೆಕ್ಕ ಸರಿಯೇ, ಏಕೆಂದರೆ ಪ್ರತಿ ಕುಟುಂಬಕ್ಕೂ ಮುಖ್ಯ ಇಂಧನ ಒಂದನ್ನೇ ದಾಖಲಿಸಲಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ "ಮುಖ್ಯವಾಗಿ ಯಾವ ಇಂಧನ" ಎಂದೇ ಕೇಳುತ್ತದೆ. 2019–21ರ ಐದನೆಯ ಸುತ್ತಿನಲ್ಲಿ ಶುದ್ಧ ಇಂಧನ ಬಳಸುವ ಕುಟುಂಬಗಳು ಶೇ 58.6 ಎಂದು ಬಂದಾಗ, ಉಳಿದ ಶೇ 41.4ರಷ್ಟು ಮನೆಗಳಲ್ಲಿ ಮಾತ್ರ ಹೊಗೆಯಿದೆ ಎಂದು ತಿಳಿಯುವುದು ಸರಿಯಲ್ಲ. ಗ್ಯಾಸನ್ನು ಮುಖ್ಯವೆಂದು ಹೇಳಿದ ಮನೆಯಲ್ಲೂ ಸೌದೆಯ ಒಲೆ ಉರಿಯುತ್ತಿರಬಹುದು, ಆ ಮಾಹಿತಿ ಪ್ರಶ್ನೆಯ ಸೋಸುವಿಕೆಯಲ್ಲೇ ಉಳಿದುಹೋಗಿದೆ. ಸಂಕಲನ ನಿಯಮದ ಸರಳ ರೂಪ ಇಲ್ಲಿ ನಡೆಯುತ್ತದೆ, ಆದರೆ ಅದು ಉತ್ತರಿಸುವುದು "ಮುಖ್ಯ ಇಂಧನ ಯಾವುದು" ಎಂಬುದನ್ನೇ ಹೊರತು "ಏನೇನು ಉರಿಸುತ್ತೀರಿ" ಎಂಬುದನ್ನಲ್ಲ.

ಆದ್ದರಿಂದ ವರದಿಯ ಕೋಷ್ಟಕಕ್ಕಿಂತ ಮೊದಲು ವರದಿಯ ಕೊನೆಯಲ್ಲಿ ಅನುಬಂಧವಾಗಿ ಕೊಟ್ಟಿರುವ ಪ್ರಶ್ನಾವಳಿಯನ್ನು ತೆರೆದು ನೋಡುವುದು ಒಳ್ಳೆಯದು. ಬಹುಪಾಲು ಓದುಗರು ಆ ಪುಟಗಳನ್ನು ಮಗುಚುವುದೇ ಇಲ್ಲ.

ಶೇಕಡಾವಾರುಗಳ ಮೊತ್ತ 100ನ್ನು ದಾಟಿದರೆ ಕೋಷ್ಟಕ ತಪ್ಪು ಎಂದು ಅರ್ಥವೇ?

ಅಲ್ಲ. ಒಬ್ಬರು ಒಂದಕ್ಕಿಂತ ಹೆಚ್ಚು ಉತ್ತರ ಕೊಡಬಹುದಾದ ಪ್ರಶ್ನೆಯಲ್ಲಿ ಮೊತ್ತ 100ನ್ನು ದಾಟುವುದೇ ಸಹಜ. 2011ರ ಗಣತಿಯ ಆಸ್ತಿ ಕೋಷ್ಟಕದಲ್ಲಿ ರೇಡಿಯೊ ಇದ್ದ ಕುಟುಂಬಗಳು ಶೇ 19.9, ಟಿ.ವಿ. ಶೇ 47.2, ದೂರವಾಣಿ ಶೇ 63.2, ಸೈಕಲ್ ಶೇ 44.8, ಸ್ಕೂಟರ್ ಅಥವಾ ಮೋಟರ್‌ಸೈಕಲ್ ಶೇ 21.0, ಕಾರು ಅಥವಾ ಜೀಪು ಶೇ 4.7, ಕಂಪ್ಯೂಟರಿನದನ್ನೂ ಸೇರಿಸಿದರೆ ಮೊತ್ತ 210ರಷ್ಟಾಗುತ್ತದೆ. ಇವುಗಳಲ್ಲಿ ಒಂದಾದರೂ ಇದ್ದ ಕುಟುಂಬಗಳು ಶೇ 210 ಇರುವುದು ಅಸಾಧ್ಯ ಎಂಬುದು ಮಕ್ಕಳಿಗೂ ಗೊತ್ತು. ಪಟ್ಟಿಯಲ್ಲಿನ ಯಾವುದೂ ಇಲ್ಲದ ಕುಟುಂಬಗಳು ಶೇ 17.8 ಎಂದು ಅದೇ ಕೋಷ್ಟಕ ಹೇಳುವುದರಿಂದ, ಒಂದಾದರೂ ಇದ್ದವು ಶೇ 82.2. ಏಳು ಘಟನೆಗಳಿಗೆ ಸಂಕಲನ ನಿಯಮ ಬರೆಯುವ ಶ್ರಮವನ್ನು ಪೂರಕ ಘಟನೆಯೊಂದು ಹೀಗೆ ಉಳಿಸಿಬಿಡುತ್ತದೆ.

ಹಾಗೆಂದು ಆ 210 ವ್ಯರ್ಥ ಸಂಖ್ಯೆಯೂ ಅಲ್ಲ. ಅದನ್ನು 100ರಿಂದ ಭಾಗಿಸಿದರೆ ಬರುವ 2.1 ಎಂಬುದು ಒಂದು ಕುಟುಂಬದಲ್ಲಿ ಸರಾಸರಿ ಎಷ್ಟು ಬಗೆಯ ವಸ್ತುಗಳಿದ್ದವು ಎಂಬುದನ್ನು ತಿಳಿಸುತ್ತದೆ. ಸಂಭವನೀಯತೆಗಳ ಮೊತ್ತವು ನಿರೀಕ್ಷಿತ ಸಂಖ್ಯೆಯಾಗಿರುತ್ತದೆ, ಘಟನೆಗಳು ಒಂದರ ಮೇಲೊಂದು ಎಷ್ಟೇ ಹಾಯ್ದಿದ್ದರೂ ಅದು ಕೆಡುವುದಿಲ್ಲ. ಕೂಡಿದ್ದು ತಪ್ಪಾಗಿರಲಿಲ್ಲ, ಕೂಡಿ ಬಂದ ಸಂಖ್ಯೆಗೆ ಕೊಟ್ಟ ಅರ್ಥ ತಪ್ಪಾಗಿತ್ತು.

ವರದಿಯಲ್ಲಿ "ಎರಡೂ" ಇರುವವರ ಸಂಖ್ಯೆ ಕೊಟ್ಟಿಲ್ಲ. ಆಗೇನು ಮಾಡುವುದು?

ಹೆಚ್ಚಿನ ವರದಿಗಳ ಸ್ಥಿತಿ ಇದೇ. ಒಂದೊಂದು ಅಂಶದ ಶೇಕಡಾವಾರನ್ನು ಕೊಟ್ಟು, ಎರಡರ ಜಂಟಿ ಸಂಖ್ಯೆಯನ್ನು ಬಿಟ್ಟಿರುತ್ತಾರೆ. ಆಗ ಖಚಿತ ಉತ್ತರ ಸಿಗುವುದಿಲ್ಲ, ಆದರೆ ಉತ್ತರ ಯಾವ ಮಿತಿಗಳ ನಡುವೆ ಇರಲೇಬೇಕು ಎಂದು ಖಚಿತವಾಗಿ ಹೇಳಬಹುದು. "ಎ ಅಥವಾ ಬಿ"ಯು ಅವೆರಡರಲ್ಲಿ ದೊಡ್ಡದಕ್ಕಿಂತ ಕಡಿಮೆಯಾಗಲಾರದು, ಅವೆರಡರ ಮೊತ್ತವನ್ನೂ 100ನ್ನೂ ಮೀರಲಾರದು. "ಎರಡೂ" ಎಂಬುದು ಚಿಕ್ಕದನ್ನು ಮೀರಲಾರದು, ಮೊತ್ತದಿಂದ 100 ಕಳೆದರೆ ಉಳಿಯುವುದಕ್ಕಿಂತ ಕಡಿಮೆಯಾಗಲಾರದು.

ಟಿ.ವಿ. ಮತ್ತು ದೂರವಾಣಿಯನ್ನು ತೆಗೆದುಕೊಳ್ಳೋಣ. 47.2 + 63.2 = 110.4, ಆದ್ದರಿಂದ ಕನಿಷ್ಠ ಶೇ 10.4ರಷ್ಟು ಕುಟುಂಬಗಳಲ್ಲಿ ಎರಡೂ ಇರಲೇಬೇಕು, ಹೆಚ್ಚೆಂದರೆ ಶೇ 47.2ರಲ್ಲಿ ಇರಬಹುದು. ಈ ಅಂತರ ತುಂಬ ಅಗಲವಾಯಿತು ಎನ್ನಿಸಿದರೆ ಅದೇ ಕೋಷ್ಟಕದಲ್ಲಿ ಇನ್ನೊಂದು ಸುಳಿವು ಇದೆ. ಏನೂ ಇಲ್ಲದ ಕುಟುಂಬಗಳು ಶೇ 17.8 ಆದ್ದರಿಂದ "ಟಿ.ವಿ. ಅಥವಾ ದೂರವಾಣಿ" ಶೇ 82.2ನ್ನು ದಾಟುವ ಹಾಗಿಲ್ಲ. ಹಾಗಾದರೆ ಎರಡೂ ಇದ್ದ ಕುಟುಂಬಗಳು ಕನಿಷ್ಠ 110.4 − 82.2 = 28.2. ಒಂದೇ ಒಂದು ಹೆಚ್ಚುವರಿ ಅಂಕಿಯಿಂದ ಕೆಳಮಿತಿ ಶೇ 10.4ರಿಂದ ಶೇ 28.2ಕ್ಕೆ ಏರಿತು. ಕೋಷ್ಟಕದ ಕೊನೆಯ ಅಂಕಣವನ್ನು ಯಾರೂ ಗಮನಿಸದೆ ಬಿಡುವುದರಿಂದ ಇಂಥ ಲೆಕ್ಕಗಳು ಎಷ್ಟೋ ಬಾರಿ ಕೈತಪ್ಪಿ ಹೋಗುತ್ತವೆ.

ಒಂದು ಅಂಶವನ್ನು ಒಂದು ಸಮೀಕ್ಷೆಯಿಂದಲೂ ಇನ್ನೊಂದನ್ನು ಬೇರೆ ಸಮೀಕ್ಷೆಯಿಂದಲೂ ತಂದಿದ್ದರೆ ಜಂಟಿ ಸಂಖ್ಯೆ ಎಲ್ಲಿಯೂ ಸಿಗುವುದಿಲ್ಲ. ಆಗಲೂ ಮಿತಿಗಳನ್ನು ಮಾತ್ರ ಹೇಳಬಹುದು, ಅದೂ ಎರಡೂ ಸಮೀಕ್ಷೆಗಳು ಒಂದೇ ಜನಸಮುದಾಯವನ್ನು ಒಂದೇ ಕಾಲದಲ್ಲಿ ಪ್ರತಿನಿಧಿಸುತ್ತವೆ ಎಂದು ಒಪ್ಪಿಕೊಂಡರೆ.

ಜಂಟಿ ಸಂಖ್ಯೆ ಇಲ್ಲದಿದ್ದರೆ ಎರಡು ಸಂಭವನೀಯತೆಗಳನ್ನು ಗುಣಿಸಿಬಿಡಬಹುದಲ್ಲ?

ಎರಡು ಘಟನೆಗಳು ಸ್ವತಂತ್ರವೆಂದು, ಅಂದರೆ ಒಂದು ನಡೆದರೂ ಇನ್ನೊಂದರ ಸಂಭವನೀಯತೆ ಬದಲಾಗುವುದಿಲ್ಲವೆಂದು, ತೋರಿಸಲು ಸಾಧ್ಯವಿದ್ದರೆ ಮಾತ್ರ ಗುಣಿಸಬಹುದು. ಜನರ ಬದುಕಿನ ಸಂಗತಿಗಳು ಸ್ವತಂತ್ರವಾಗಿರುವುದು ಅಪರೂಪ. ಟಿ.ವಿ. ಕೊಂಡ ಮನೆಯವರು ಫೋನನ್ನೂ ಕೊಂಡಿರುವ ಸಾಧ್ಯತೆ ಹೆಚ್ಚು, ಗ್ಯಾಸ್ ಇರುವ ಮನೆಯಲ್ಲಿ ಸೌದೆ ಇರುವ ಸಾಧ್ಯತೆ ಸ್ವಲ್ಪ ಕಡಿಮೆ. ನಮ್ಮ 300 ಮನೆಗಳ ಲೆಕ್ಕದಲ್ಲಿ ಗುಣಿಸಿದ್ದರೆ "ಎರಡೂ" 0.82 × 0.61 = 0.50 ಆಗುತ್ತಿತ್ತು, ನಿಜವಾದದ್ದು 0.47. ಒಂದಾದರೂ ಇರುವ ಸಂಭವನೀಯತೆ 0.96ರ ಬದಲು 0.93 ಎಂದು ಬರುತ್ತಿತ್ತು. ವ್ಯತ್ಯಾಸ ಸಣ್ಣದಾಗಿ ಕಂಡರೂ ಎರಡೂ ಇಲ್ಲದ ಮನೆಗಳ ಕಡೆಯಿಂದ ನೋಡಿದರೆ 12 ಇದ್ದದ್ದು 21 ಆಗಿಬಿಟ್ಟಿದೆ. ಈ ಎರಡು ಇಂಧನಗಳೂ ಇಲ್ಲದ ಮನೆಗಳನ್ನು ಹುಡುಕಿ ಸೌಲಭ್ಯ ಕೊಡಬೇಕಾದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಪರಸ್ಪರ ವರ್ಜಿತ ಘಟನೆಗಳು, ಸ್ವತಂತ್ರ ಘಟನೆಗಳು ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ, ಬಹುತೇಕ ವಿರುದ್ಧ. ಪರಸ್ಪರ ವರ್ಜಿತವಾದ ಘಟನೆಗಳಲ್ಲಿ ಒಂದು ನಡೆದಿದೆ ಎಂದು ಗೊತ್ತಾದ ಕ್ಷಣ ಇನ್ನೊಂದು ನಡೆದಿಲ್ಲ ಎಂದು ಖಚಿತವಾಗುತ್ತದೆ. ಸ್ವತಂತ್ರ ಘಟನೆಗಳಲ್ಲಿ ಒಂದರ ಸುದ್ದಿ ಇನ್ನೊಂದರ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಎರಡರ ಸಂಭವನೀಯತೆಗಳೂ ಸೊನ್ನೆಗಿಂತ ಹೆಚ್ಚಿದ್ದರೆ ಅವು ಏಕಕಾಲದಲ್ಲಿ ಪರಸ್ಪರ ವರ್ಜಿತವೂ ಸ್ವತಂತ್ರವೂ ಆಗಿರಲು ಸಾಧ್ಯವಿಲ್ಲ.

ಒಂದು ವರ್ಗ ಇನ್ನೊಂದರ ಒಳಗೇ ಇದ್ದರೆ?

ಆಗ ಕೂಡುವ ಪ್ರಶ್ನೆಯೇ ಇಲ್ಲ, ದೊಡ್ಡ ವರ್ಗವೇ ಉತ್ತರ. ಪತ್ರಿಕಾ ವರದಿಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ತಪ್ಪು ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 19.5ರಷ್ಟು ಮಕ್ಕಳು ಕೃಶರು, ಅಂದರೆ ಎತ್ತರಕ್ಕೆ ತಕ್ಕ ತೂಕವಿಲ್ಲದವರು, ಶೇ 8.4ರಷ್ಟು ಮಕ್ಕಳು ತೀವ್ರ ಕೃಶರು. ತೀವ್ರ ಕೃಶರಾದವರೆಲ್ಲ ಕೃಶರ ಲೆಕ್ಕದಲ್ಲಿ ಮೊದಲೇ ಸೇರಿದ್ದಾರೆ. ಎರಡನ್ನೂ ಕೂಡಿ ಶೇ 27.9 ಎಂದು ಬರೆದರೆ ಅತ್ಯಂತ ಕಷ್ಟದಲ್ಲಿರುವ ಮಕ್ಕಳನ್ನು ಎರಡೆರಡು ಸಲ ಎಣಿಸಿದಂತೆ.

ಅದೇ ಪುಟದಲ್ಲಿ ಅಧಿಕ ತೂಕದ ಮಕ್ಕಳು ಶೇ 3.2 ಎಂದಿದೆ. ಕೃಶತೆ ಮತ್ತು ಅಧಿಕ ತೂಕ ಎರಡನ್ನೂ ಅಳೆಯುವುದು ಎತ್ತರಕ್ಕೆ ತಕ್ಕ ತೂಕ ಎಂಬ ಒಂದೇ ಅಳತೆಗೋಲಿನಿಂದ, ಒಂದು ಅದರ ಕೆಳತುದಿಯಲ್ಲಿ, ಇನ್ನೊಂದು ಮೇಲ್ತುದಿಯಲ್ಲಿ. ಒಂದು ಮಗು ಎರಡೂ ಆಗಲಾರದು. ಆದ್ದರಿಂದ 19.5 + 3.2 = 22.7 ಎಂದು ನೇರವಾಗಿ ಕೂಡಬಹುದು. ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ ಶೇ 35.4, ಇದನ್ನು ಅಳೆಯುವುದು ವಯಸ್ಸಿಗೆ ತಕ್ಕ ಎತ್ತರದಿಂದ. ವಯಸ್ಸಿಗೆ ತಕ್ಕಷ್ಟು ಬೆಳೆಯದ ಮಗು ತನ್ನ ಎತ್ತರಕ್ಕೂ ತೂಕ ಕಡಿಮೆಯಿರುವುದು ಸಾಧ್ಯ, ಆದ್ದರಿಂದ "ಕುಂಠಿತ ಅಥವಾ ಕೃಶ" ಎಂಬುದು ಶೇ 35.4 ಮತ್ತು ಶೇ 54.9ರ ನಡುವೆ ಎಲ್ಲೋ ಇದೆ ಎನ್ನುವುದಕ್ಕಿಂತ ಹೆಚ್ಚು ಈ ಅಂಕಿಗಳಿಂದಷ್ಟೇ ಹೇಳಲಾಗದು. ಒಂದೇ ಪುಟದ ಅಕ್ಕಪಕ್ಕದ ಸಾಲುಗಳಲ್ಲಿ ಮೂರು ಬಗೆಯ ಸಂಬಂಧಗಳಿವೆ: ಒಂದು ಇನ್ನೊಂದರ ಒಳಗೆ, ಒಂದಕ್ಕೊಂದು ಹೊರಗೆ, ಮತ್ತು ಒಂದರ ಮೇಲೊಂದು ಹಾಯ್ದದ್ದು. ಸಾಲುಗಳ ಮುದ್ರಣ ಮಾತ್ರ ಮೂರಕ್ಕೂ ಒಂದೇ ತೆರ.

ಮೂರು ಘಟನೆಗಳಿದ್ದರೆ ಸೂತ್ರ ಹೇಗೆ?

ಮೂರನ್ನೂ ಕೂಡಿ, ಎರಡೆರಡರ ಜಂಟಿ ಸಂಖ್ಯೆಗಳನ್ನು ಕಳೆದು, ಮೂರೂ ಇರುವುದನ್ನು ಮತ್ತೆ ಕೂಡಬೇಕು. ಮೂರೂ ಇರುವ ಮನೆ ಮೊದಲ ಸಲ ಮೂರು ಬಾರಿ ಎಣಿಕೆಗೆ ಬರುತ್ತದೆ, ಎರಡನೆಯ ಹಂತದಲ್ಲಿ ಮೂರು ಬಾರಿ ಕಳೆದುಹೋಗುತ್ತದೆ. ಹಾಗೆಯೇ ಬಿಟ್ಟರೆ ಅದು ಲೆಕ್ಕದಿಂದ ಪೂರ್ತಿ ಮಾಯವಾಗುತ್ತದೆ.

ನಮ್ಮ ಉದಾಹರಣೆಗೆ ವಿದ್ಯುತ್ ಒಲೆಯನ್ನೂ ಸೇರಿಸೋಣ. ಅದು 45 ಮನೆಗಳಲ್ಲಿದೆ. ಗ್ಯಾಸ್ ಜೊತೆಗೆ 36ರಲ್ಲಿ, ಸೌದೆಯ ಜೊತೆಗೆ 21ರಲ್ಲಿ, ಮೂರೂ 15ರಲ್ಲಿ. 246 + 183 + 45 − 141 − 36 − 21 + 15 = 291. ವಿದ್ಯುತ್ ಒಲೆ 45 ಮನೆಗಳಲ್ಲಿದ್ದರೂ ಒಟ್ಟು ಸಂಖ್ಯೆ 288ರಿಂದ 291ಕ್ಕೆ, ಅಂದರೆ ಮೂರು ಮನೆಗಳಷ್ಟು ಮಾತ್ರ ಏರಿದೆ, ಏಕೆಂದರೆ ಅದನ್ನೊಂದನ್ನೇ ನೆಚ್ಚಿಕೊಂಡ ಮನೆಗಳು ಮೂರೇ.

ಮಕ್ಕಳ ಪೌಷ್ಟಿಕತೆಯ ಲೆಕ್ಕದಲ್ಲಿ ಈ ಮೂರು ಘಟನೆಗಳ ಸೂತ್ರಕ್ಕೆ ಒಂದು ಸೊಗಸಾದ ತಿರುವಿದೆ. ಕುಂಠಿತ, ಕೃಶ, ಕಡಿಮೆ ತೂಕ ಈ ಮೂರರಲ್ಲಿ ಒಂದಾದರೂ ಇರುವ ಮಕ್ಕಳನ್ನು ಒಟ್ಟಾಗಿ ಎಣಿಸುವ ಸಂಯುಕ್ತ ಸೂಚ್ಯಂಕವನ್ನು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಪೀಟರ್ ಸ್ವೆಡ್‌ಬರ್ಗ್ ಸೂಚಿಸಿದರು. ವಯಸ್ಸಿಗೆ ಕುಳ್ಳಗೂ ಇದ್ದು, ಆ ಎತ್ತರಕ್ಕೂ ತೆಳ್ಳಗಿದ್ದು, ವಯಸ್ಸಿಗೆ ತಕ್ಕ ತೂಕ ಮಾತ್ರ ಸರಿಯಾಗಿರುವ ಮಗು ಇರುವುದು ಸಾಧ್ಯವಿಲ್ಲವೆಂದು ಆ ವರ್ಗೀಕರಣ ಪರಿಗಣಿಸುತ್ತದೆ. ಹಾಗಾಗಿ "ಕುಂಠಿತ ಮತ್ತು ಕೃಶ" ಎಂಬುದೂ "ಮೂರೂ" ಎಂಬುದೂ ಒಂದೇ ಗುಂಪಾಗುತ್ತವೆ. ಸೂತ್ರದಲ್ಲಿ ಒಂದನ್ನು ಕಳೆದು ಇನ್ನೊಂದನ್ನು ಕೂಡುವುದರಿಂದ ಎರಡೂ ಹೊಡೆದುಹೋಗಿ, ಮೂರು ಶೇಕಡಾವಾರುಗಳ ಮೊತ್ತದಿಂದ ಕಡಿಮೆ ತೂಕದೊಡನೆ ಬರುವ ಎರಡು ಜಂಟಿ ಸಂಖ್ಯೆಗಳನ್ನು ಕಳೆದರೆ ಸಾಕಾಗುತ್ತದೆ.

"ಎರಡರಲ್ಲಿ ಒಂದು ಮಾತ್ರ" ಬೇಕಾದರೆ?

ಜಂಟಿ ಸಂಖ್ಯೆಯನ್ನು ಎರಡು ಸಲ ಕಳೆಯಬೇಕು: 0.82 + 0.61 − 2 × 0.47 = 0.49. ಕೋಷ್ಟಕದಿಂದ ನೋಡಿದರೆ 105 + 42 = 147 ಮನೆಗಳು, ಅದೂ 0.49.

ಕೆಲವರು ಕೆಲವು ಪ್ರಶ್ನೆಗಳಿಗೆ ಉತ್ತರಿಸಿಲ್ಲ. ಅವರನ್ನು ಬಿಟ್ಟು ಲೆಕ್ಕ ಮಾಡಬಹುದೇ?

ಮೊದಲು ಛೇದಗಳನ್ನು ನೋಡಬೇಕು. ಗ್ಯಾಸಿನ ಪ್ರಶ್ನೆಗೆ 300 ಮನೆಯವರು, ಸೌದೆಯ ಪ್ರಶ್ನೆಗೆ 280 ಮನೆಯವರು ಉತ್ತರಿಸಿದ್ದರೆ, ಒಂದನ್ನು 300ರಿಂದಲೂ ಇನ್ನೊಂದನ್ನು 280ರಿಂದಲೂ ಭಾಗಿಸಿ ಪಡೆದ ಸಂಖ್ಯೆಗಳನ್ನು ಕೂಡುವುದು ಎರಡು ಬೇರೆ ಜನಸಮೂಹಗಳನ್ನು ಬೆರೆಸಿದಂತೆ. ಸಂಕಲನ ನಿಯಮದ ನಾಲ್ಕೂ ಪದಗಳಿಗೆ ಛೇದ ಒಂದೇ ಇರಬೇಕು.

ಎರಡೂ ಪ್ರಶ್ನೆಗಳಿಗೆ ಉತ್ತರಿಸಿದವರನ್ನಷ್ಟೇ ಇಟ್ಟುಕೊಂಡರೆ ಛೇದದ ಸಮಸ್ಯೆ ತೀರುತ್ತದೆ, ಆದರೆ ಅದರಲ್ಲೂ ಒಂದು ಎಚ್ಚರಿಕೆ ಬೇಕು. ಗ್ಯಾಸ್ ಇದೆ ಎಂದು ಹೇಳಿ ಸೌದೆಯ ಪ್ರಶ್ನೆಗೆ ಸುಮ್ಮನಿದ್ದ ಮನೆಯವರು "ಗ್ಯಾಸ್ ಅಥವಾ ಸೌದೆ" ಗುಂಪಿಗೆ ಖಂಡಿತ ಸೇರುತ್ತಾರೆ. ಇನ್ನೊಂದು ಉತ್ತರ ಏನೇ ಇದ್ದರೂ ವ್ಯತ್ಯಾಸವಾಗುವುದಿಲ್ಲ. ಗ್ಯಾಸ್ ಇಲ್ಲ ಎಂದು ಹೇಳಿ ಸೌದೆಯ ಬಗ್ಗೆ ಸುಮ್ಮನಿದ್ದವರ ವಿಷಯದಲ್ಲಿ ಮಾತ್ರ ನಿಜವಾದ ಅನಿಶ್ಚಿತತೆ ಇದೆ. ಮೊದಲ ಗುಂಪನ್ನು ಇಟ್ಟುಕೊಂಡು, ಎರಡನೆಯ ಗುಂಪಿನವರೆಲ್ಲರ ಬಳಿಯೂ ಸೌದೆಯಿದೆ ಎಂದು ಒಮ್ಮೆ, ಯಾರ ಬಳಿಯೂ ಇಲ್ಲ ಎಂದು ಇನ್ನೊಮ್ಮೆ ಲೆಕ್ಕ ಮಾಡಿ ಎರಡೂ ಉತ್ತರಗಳನ್ನು ಕೊಡುವುದು ಪ್ರಾಮಾಣಿಕವಾದ ದಾರಿ.

ಮಾದರಿಗೆ ತೂಕ ಕೊಟ್ಟಿದ್ದರೆ ನಿಯಮ ಬದಲಾಗುತ್ತದೆಯೇ?

ನಿಯಮ ಬದಲಾಗುವುದಿಲ್ಲ, ಆದರೆ ಎಲ್ಲ ಪದಗಳಿಗೂ ಒಂದೇ ತೂಕ ಬಳಸಿರಬೇಕು. 300 ಮನೆಗಳಲ್ಲಿ 150 ಹಳ್ಳಿಗಳಿಂದ, 150 ಪಟ್ಟಣದಿಂದ ಬಂದವು ಎಂದಿಟ್ಟುಕೊಳ್ಳಿ. ಹಳ್ಳಿಯ ಪ್ರತಿ ಮನೆಯೂ 40 ಮನೆಗಳನ್ನು, ಪಟ್ಟಣದ ಪ್ರತಿ ಮನೆಯೂ 20 ಮನೆಗಳನ್ನು ಪ್ರತಿನಿಧಿಸುತ್ತದೆ, ಈ 40 ಮತ್ತು 20 ಇಲ್ಲಿನ ತೂಕಗಳು. ಒಟ್ಟು 9,000 ಮನೆಗಳು. ಹಳ್ಳಿಗಳಲ್ಲಿ ಗ್ಯಾಸ್ 105, ಸೌದೆ 129, ಎರಡೂ 90. ಪಟ್ಟಣದಲ್ಲಿ ಗ್ಯಾಸ್ 141, ಸೌದೆ 54, ಎರಡೂ 51. ತೂಕ ಹಚ್ಚಿದರೆ ಗ್ಯಾಸ್ 7,020 ಮನೆಗಳಲ್ಲಿ (0.780), ಸೌದೆ 6,240ರಲ್ಲಿ (0.693), ಎರಡೂ 4,620ರಲ್ಲಿ (0.513). 0.780 + 0.693 − 0.513 = 0.960.

ಈಗ ಅವಸರದಲ್ಲಿ ತೂಕದ ಕೋಷ್ಟಕದಿಂದ ಮೊದಲ ಎರಡನ್ನು ತೆಗೆದುಕೊಂಡು, ಜಂಟಿ ಸಂಖ್ಯೆಯನ್ನು ತೂಕವಿಲ್ಲದ ಹಳೆಯ ಹಾಳೆಯಿಂದ ತಂದರೆ ಏನಾಗುತ್ತದೆ ನೋಡಿ: 0.780 + 0.693 − 0.470 = 1.003. ಸಂಭವನೀಯತೆ ಒಂದನ್ನು ದಾಟಿತು. ಇಲ್ಲಿ ಅದೃಷ್ಟವಶಾತ್ ತಪ್ಪು ತಾನೇ ಬಾಯಿಬಿಟ್ಟಿತು, ಉತ್ತರ 0.90ರ ಆಸುಪಾಸಿನಲ್ಲಿ ಬಂದಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಗಣತಿಯ ಭಾಷಾ ಅಂಕಿಗಳನ್ನು ಕೂಡಬಹುದೇ?

ಯಾವ ದಿಕ್ಕಿನಲ್ಲಿ ಕೂಡುತ್ತೀರಿ ಎಂಬುದರ ಮೇಲೆ ನಿಂತಿದೆ. 2011ರ ಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯಾಗಿ ಹೇಳಿದವರು ಸುಮಾರು 4.37 ಕೋಟಿ, ಎರಡನೆಯ ಭಾಷೆಯಾಗಿ ಹೇಳಿದವರು ಸುಮಾರು 1.4 ಕೋಟಿ, ಮೂರನೆಯ ಭಾಷೆಯಾಗಿ ಹೇಳಿದವರು 10 ಲಕ್ಷದ ಆಸುಪಾಸು. ಒಬ್ಬ ವ್ಯಕ್ತಿಯ ಪಟ್ಟಿಯಲ್ಲಿ ಕನ್ನಡ ಒಂದೇ ಸ್ಥಾನದಲ್ಲಿ ಬರುವುದರಿಂದ ಈ ಮೂರೂ ಪರಸ್ಪರ ವರ್ಜಿತ. ಕೂಡಿದರೆ ಕನ್ನಡ ಬಲ್ಲವರು ಸುಮಾರು 5.87 ಕೋಟಿ ಎಂದು ಸಿಗುತ್ತದೆ.

ಇಂಗ್ಲಿಷಿಗೂ ಹೀಗೆಯೇ ಮೂರು ಸ್ಥಾನಗಳನ್ನು ಕೂಡಿದರೆ ಸುಮಾರು 12.9 ಕೋಟಿ ಬರುತ್ತದೆ, ಅದೂ ಸರಿ. ಆದರೆ 5.87 ಮತ್ತು 12.9ನ್ನು ಕೂಡಿ "ಕನ್ನಡ ಅಥವಾ ಇಂಗ್ಲಿಷ್ ಬಲ್ಲವರು 18.8 ಕೋಟಿ" ಎನ್ನುವಂತಿಲ್ಲ, ಎರಡೂ ಬಲ್ಲವರು ಇಲ್ಲಿ ಎರಡು ಸಲ ಬಂದಿದ್ದಾರೆ. ಗಣತಿದಾರರು ಮಾತೃಭಾಷೆಯ ಜೊತೆಗೆ ಹೆಚ್ಚೆಂದರೆ ಇನ್ನೆರಡು ಭಾಷೆಗಳನ್ನು ಮಾತ್ರ ಬರೆದುಕೊಳ್ಳುತ್ತಾರೆ ಎಂಬುದೂ ಗಮನದಲ್ಲಿರಲಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷ್, ಟಿ.ವಿ.ಯ ಮುಂದೆ ಹಿಂದಿ, ಅಂಗಡಿಯಲ್ಲಿ ಕನ್ನಡ ಆಡುವ ಬೆಂಗಳೂರಿನವರೊಬ್ಬರು ಕನ್ನಡವನ್ನು ನಾಲ್ಕನೆಯದಾಗಿ ಹೇಳಿದರೆ ಅದು ದಾಖಲೆಗೇ ಬರುವುದಿಲ್ಲ. ಆದ್ದರಿಂದ 5.87 ಕೋಟಿಯನ್ನು ಕೆಳಮಿತಿ ಎಂದು ಓದುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಸ್ಪ್ರೆಡ್‌ಶೀಟಿನಲ್ಲಿ ಸುಲಭವಾದ ವಿಧಾನ ಯಾವುದು?

ಪ್ರತಿ ಮನೆಗೆ ಒಂದು ಸಾಲು, ಪ್ರತಿ ಇಂಧನಕ್ಕೆ ಒಂದು ಅಂಕಣ. ಇದ್ದರೆ 1, ಇಲ್ಲದಿದ್ದರೆ 0. "ಎರಡೂ" ಎಂಬ ಅಂಕಣದಲ್ಲಿ ಎರಡರ ಗುಣಲಬ್ಧವನ್ನೂ, "ಒಂದಾದರೂ" ಎಂಬ ಅಂಕಣದಲ್ಲಿ ಎರಡರಲ್ಲಿ ದೊಡ್ಡದನ್ನೂ ಬರೆಯಿಸಬೇಕು. ಅಂಕಣಗಳ ಸರಾಸರಿಯೇ ಸಂಭವನೀಯತೆ. ಹೀಗೆ ಮಾಡಿದರೆ "ಒಂದಾದರೂ" ಅಂಕಣದ ಸರಾಸರಿಯನ್ನು ಸೂತ್ರದಿಂದ ಬಂದ ಉತ್ತರದ ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಉತ್ತರ ಇಲ್ಲದ ಕಡೆ ಖಾಲಿ ಬಿಡಬೇಕು, 0 ಹಾಕಬಾರದು. ಉತ್ತರವಿಲ್ಲದ್ದೂ "ಇಲ್ಲ" ಎಂಬ ಉತ್ತರವೂ ಬೇರೆ ಬೇರೆ. ಖಾಲಿ ಇರುವ ಸಾಲುಗಳಲ್ಲಿ ಈ ಎರಡು ಅಂಕಣಗಳನ್ನು ಕೈಯಾರೆ ಪರಿಶೀಲಿಸುವುದು ಕ್ಷೇಮ, ಏಕೆಂದರೆ ಕೆಲವು ತಂತ್ರಾಂಶಗಳು ಖಾಲಿ ಜಾಗವನ್ನು ಗುಣಿಸುವಾಗ ಸೊನ್ನೆ ಎಂದೇ ಭಾವಿಸುತ್ತವೆ.

ಹೀಗೆ ಪಡೆದ ಸಂಭವನೀಯತೆಯ ಪ್ರಮಾಣಿತ ದೋಷವನ್ನು ಹೇಗೆ ಕಂಡುಹಿಡಿಯುವುದು? ಅದನ್ನು ವರದಿಯಲ್ಲಿ ಹೇಗೆ ಬರೆಯುವುದು?

ಪ್ರಮಾಣಿತ ದೋಷ ಎಂದರೆ ಬೇರೆ ಬೇರೆ ಮಾದರಿಗಳನ್ನು ತೆಗೆದರೆ ಉತ್ತರ ಎಷ್ಟು ಏರಿಳಿಯಬಹುದು ಎಂಬುದರ ಅಳತೆ. ಗ್ಯಾಸಿನ ದೋಷ, ಸೌದೆಯ ದೋಷ, ಜಂಟಿ ಸಂಖ್ಯೆಯ ದೋಷ ಇವನ್ನು ಕೂಡಿ ಕಳೆದು ಹೊಂದಿಸಲು ಹೋಗಬಾರದು. ಮೂರೂ ಒಂದೇ ಮನೆಗಳಿಂದ ಬಂದ ಸಂಖ್ಯೆಗಳಾದ್ದರಿಂದ ಅವುಗಳ ಏರಿಳಿತಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೇಲೆ ಹೇಳಿದ "ಒಂದಾದರೂ" ಅಂಕಣವನ್ನು ಸ್ವತಂತ್ರವಾದ ಒಂದು ಪ್ರಶ್ನೆಯೆಂದೇ ಭಾವಿಸಿ, ಅದರ ಪ್ರಮಾಣಿತ ದೋಷವನ್ನು ನೇರವಾಗಿ ಲೆಕ್ಕ ಹಾಕಬೇಕು. ಸರಳ ಯಾದೃಚ್ಛಿಕ ಮಾದರಿಯಾಗಿದ್ದರೆ 0.96 ಮತ್ತು 0.04ರ ಗುಣಲಬ್ಧವನ್ನು 300ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು, ಸುಮಾರು 0.011 ಬರುತ್ತದೆ. ಮನೆಗಳನ್ನು ಬಿಡಿಬಿಡಿಯಾಗಿ ಆರಿಸದೆ ಕೆಲವೇ ಹಳ್ಳಿಗಳನ್ನು ಆರಿಸಿ ಅಲ್ಲಿನ ಮನೆಗಳನ್ನು ಒಟ್ಟಾಗಿ ತೆಗೆದುಕೊಂಡಿದ್ದರೆ ದೋಷ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತದೆ, ಏಕೆಂದರೆ ಒಂದೇ ಊರಿನ ಮನೆಗಳು ಇಂಧನದ ವಿಷಯದಲ್ಲಿ ಒಂದನ್ನೊಂದು ಹೋಲುತ್ತವೆ. ಕಾಡಂಚಿನ ಊರಿನಲ್ಲಿ ಒಂದು ಮನೆಯಲ್ಲಿ ಸೌದೆ ಕಂಡರೆ ಪಕ್ಕದ ಮನೆಯಲ್ಲೂ ಕಾಣುವುದೇ ಹೆಚ್ಚು.

ಬರೆಯುವಾಗ ಶೇಕಡಾವಾರನ್ನು ಒಂಟಿಯಾಗಿ ಬಿಡದೆ ಛೇದವನ್ನೂ ಜಂಟಿ ಸಂಖ್ಯೆಯನ್ನೂ ಪ್ರಶ್ನೆಯ ಸ್ವರೂಪವನ್ನೂ ಜೊತೆಗಿಡಬೇಕು. ನಮ್ಮ ಕಲ್ಪಿತ ಸಮೀಕ್ಷೆಯ ವಾಕ್ಯ ಹೀಗಿರಬಹುದು: "ಅನ್ವಯಿಸುವ ಎಲ್ಲ ಇಂಧನಗಳನ್ನೂ ಹೇಳಬಹುದಾಗಿದ್ದ ಪ್ರಶ್ನೆಗೆ ಉತ್ತರಿಸಿದ 300 ಮನೆಗಳಲ್ಲಿ 246ರಲ್ಲಿ ಗ್ಯಾಸ್, 183ರಲ್ಲಿ ಸೌದೆ, 141ರಲ್ಲಿ ಎರಡೂ ಬಳಕೆಯಲ್ಲಿದ್ದು, ಎರಡರಲ್ಲಿ ಒಂದನ್ನಾದರೂ ಬಳಸುವ ಮನೆಗಳು 288, ಅಂದರೆ ಶೇ 96." ಇಷ್ಟು ಕೊಟ್ಟಿದ್ದರೆ ಓದುಗರು ತಮಗೆ ಬೇಕಾದ ಬೇರೆ ಲೆಕ್ಕವನ್ನು, "ಗ್ಯಾಸ್ ಮಾತ್ರ" ಎಂಬುದನ್ನೋ "ಎರಡೂ ಇಲ್ಲ" ಎಂಬುದನ್ನೋ, ಮೂಲ ದತ್ತಾಂಶ ಕೇಳದೆಯೇ ತಾವೇ ಮಾಡಿಕೊಳ್ಳಬಹುದು.